ಖಾಕಿ ಬಣ್ಣದ ಹಕ್ಕು ಯಾರದು?



ಪೊಲೀಸ್ ಠಾಣೆಯಿಂದ ಹಿಡಿದು ಆಟೋ ನಿಲ್ದಾಣದವರೆಗೆ ನಮ್ಮ ಊರುಗಳಲ್ಲಿ ಖಾಕಿ ಬಣ್ಣ ಕಾಣದ ಜಾಗವಿಲ್ಲ. ಅದು ಸರ್ಕಾರದ ಬಣ್ಣವೆಂದೇ ಜನರ ಮನಸ್ಸಿನಲ್ಲಿ ನಿಂತಿದೆ. ಆದರೆ ಆ ಬಣ್ಣ ಬಟ್ಟೆಗೆ ಕಚ್ಚಿಕೊಂಡ ಕಥೆಯಲ್ಲಿ ಸರ್ಕಾರಕ್ಕಿಂತ ಮೊದಲು ಬರುವವನು ಒಬ್ಬ ನೇಕಾರ, ಕೊನೆಗೆ ಬರುವವನು ಒಬ್ಬ ಬಣ್ಣದ ಕಾರ್ಖಾನೆಯ ಯಜಮಾನ. ಮೊದಲನೆಯವನು ಕೆಲಸ ಮಾಡಿದ್ದು ಮಂಗಳೂರಿನ ಬಲ್ಮಠದಲ್ಲಿ. ಎರಡನೆಯವನು ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ. ಇಬ್ಬರ ನಡುವೆ ಇರುವುದು ಪೇಟೆಂಟ್ ಎಂಬ ಒಂದು ಕಾಗದ. ರಾಯಲ್ಪಾಡಿನಂಥ ಗಡಿಯೂರಿಗೂ ಆ ಕಾಗದಕ್ಕೂ ಏನು ಸಂಬಂಧ ಎಂಬುದು ಈ ಕಥೆ ಮುಗಿಯುವ ಹೊತ್ತಿಗೆ ತಿಳಿಯುತ್ತದೆ.

ಬಟ್ಟೆಗೆ ಬಣ್ಣ ಹಚ್ಚುವುದು ಕಷ್ಟವಲ್ಲ. ಅರಿಸಿನದ ನೀರಿನಲ್ಲಿ ಅದ್ದಿದರೆ ಯಾವ ಬಿಳಿ ಪಂಚೆಯೂ ಹಳದಿಯಾಗುತ್ತದೆ. ಎರಡು ಒಗೆತಕ್ಕೆ, ನಾಲ್ಕು ದಿನದ ಬಿಸಿಲಿಗೆ ಅದು ಉಳಿಯುತ್ತದೆಯೇ ಎಂಬುದೇ ಪ್ರಶ್ನೆ. ಕಚ್ಚಾ ಬಣ್ಣ, ಪಕ್ಕಾ ಬಣ್ಣ ಎಂದು ಅಂಗಡಿಯಲ್ಲಿ ಕೇಳುತ್ತೇವಲ್ಲ, ಬಣ್ಣಗಾರನ ವಿದ್ಯೆಯೆಲ್ಲ ಆ ಎರಡು ಮಾತಿನ ನಡುವೆ ಇದೆ. ಗಡಿಯಾಚೆಯ ಶ್ರೀಕಾಳಹಸ್ತಿಯ ಕಲಂಕಾರಿ ಕೆಲಸಗಾರರು ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಹಾಲಿನಲ್ಲಿ ನೆನೆಸುತ್ತಾರೆ. ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರುಗಳನ್ನು ಹಾಕಿಟ್ಟು ತಯಾರಿಸಿದ ದ್ರಾವಣ ಆ ಬಟ್ಟೆಗೆ ತಾಗಿದೊಡನೆ ಕಪ್ಪು ಗೆರೆ ಮೂಡುತ್ತದೆ. ಅಳಲೆಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಬಟ್ಟೆಯ ಎಳೆಯೊಳಗೇ ಕಪ್ಪಾಗುವುದರಿಂದ ಅದು ಸುಲಭವಾಗಿ ಹೋಗುವುದಿಲ್ಲ. ಕೆಂಪು ಬಣ್ಣಕ್ಕೆ ಪಟಿಕ ಇದೇ ರೀತಿಯ ಸಹಾಯ ಮಾಡುತ್ತದೆ. ಈ ರಸಾಯನ ವಿದ್ಯೆಯನ್ನು ಯಾವ ಕಾಲೇಜೂ ಕಲಿಸಲಿಲ್ಲ. ಅದು ತಂದೆಯ ಕೈಯಿಂದ ಮಗನ ಕೈಗೆ ಬಂತು.

ಈಗ ಮಂಗಳೂರಿಗೆ ಹೋಗೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮತಾಂತರಗೊಂಡ ಮೇಲೆ ಜಾತಿಯ ಕಸುಬನ್ನು ಕಳೆದುಕೊಂಡವರಿಗೆ ಅನ್ನದ ದಾರಿ ತೋರಿಸಬೇಕಿತ್ತು. ಅದಕ್ಕಾಗಿ ಅಚ್ಚುಕೂಟ, ನೇಯ್ಗೆ, ಮುಂದೆ ಹೆಂಚಿನ ಕಾರ್ಖಾನೆ ಒಂದರ ಹಿಂದೊಂದು ಬಂದವು. ನೇಯ್ಗೆಯನ್ನು ನೋಡಿಕೊಳ್ಳಲು 1851ರಲ್ಲಿ ಬಂದವರು ಯೋಹಾನ್ ಹಾಲರ್, ಕಸುಬಿನಿಂದಲೇ ನೇಕಾರರು. ಬಲ್ಮಠದಲ್ಲಿ ಅವರು ಯೂರೋಪಿನ ಮಾದರಿಯ ಮಗ್ಗಗಳನ್ನು ಹೂಡಿದರು, ಜೊತೆಗೆ ಬಣ್ಣದ ಮನೆಯನ್ನೂ ಕಟ್ಟಿಸಿದರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿ ಇದೆಯಲ್ಲ, ಈ ಭಾಗದ ತೆಲುಗಿನಲ್ಲಿ ಜೀಡಿ ಎನ್ನುತ್ತಾರೆ, ಆ ಗೇರಿನ ಜಾತಿಯ ಮರದಿಂದ ಹಾಲರ್ 1852ರ ಸುಮಾರಿಗೆ ಮಣ್ಣಿನ ಬಣ್ಣವೊಂದನ್ನು ತೆಗೆದರು ಎಂದು ಮಿಷನ್ನಿನ ಚರಿತ್ರೆ ಹೇಳುತ್ತದೆ. ಆ ಬಣ್ಣದ ಬಟ್ಟೆಯನ್ನು ಮೊದಲು ಕೊಂಡವರು ಆ ಜಿಲ್ಲೆಯ ಪೊಲೀಸರು ಎಂಬುದೂ ಅದೇ ಚರಿತ್ರೆಯ ಮಾತು.

ಖಾಕಿ ಎಂಬ ಹೆಸರು ಮಾತ್ರ ಮಂಗಳೂರಿನದಲ್ಲ. ಪಾರಸಿಯಲ್ಲಿ ಖಾಕ್ ಎಂದರೆ ಧೂಳು, ಮಣ್ಣು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ದಳ ಹಾಲರ್ ಬರುವುದಕ್ಕೆ ಮುಂಚೆಯೇ ಮಣ್ಣಿನ ಬಣ್ಣದ ಬಟ್ಟೆ ತೊಟ್ಟಿತ್ತು. 1857ರ ದಂಗೆಯ ಬಿಸಿಲಿನಲ್ಲಿ ಬ್ರಿಟಿಷ್ ಸಿಪಾಯಿಗಳು ತಮ್ಮ ಬಿಳಿಯ ಬಟ್ಟೆಗಳನ್ನು ಚಹಾದಲ್ಲೂ ಕೆಸರಿನಲ್ಲೂ ಅದ್ದಿಕೊಂಡರು. ಒಂದೇ ಅಗತ್ಯಕ್ಕೆ ಹಲವು ಕಡೆ ಹಲವು ಕೈಗಳು ಉತ್ತರ ಹುಡುಕುತ್ತಿದ್ದವು. ಮಂಗಳೂರಿನದು ಅವುಗಳಲ್ಲಿ ಒಂದು. ನೆಯ್ಗೆಯ ಕಾರ್ಖಾನೆಯೊಳಗೇ ಬಣ್ಣ ಕಟ್ಟಿ ಮಾರಿದ್ದು ಅದರ ಹೆಚ್ಚುಗಾರಿಕೆ.

ಇವೆಲ್ಲಕ್ಕೂ ಒಂದೇ ತೊಡಕು. ಮರದ ತೊಗಟೆಯ ಬಣ್ಣವಿರಲಿ, ಚಹಾದ ಬಣ್ಣವಿರಲಿ, ಒಂದು ತೊಟ್ಟಿಯದು ಇನ್ನೊಂದರಂತೆ ಇರುವುದಿಲ್ಲ. ಸಾವಿರ ಜನರ ಪಡೆ ಸಾಲಾಗಿ ನಿಂತರೆ ಸಾವಿರ ಛಾಯೆ. ಒಗೆದಂತೆಲ್ಲ ಮತ್ತಷ್ಟು ಭೇದ. ಇದಕ್ಕೆ ಪರಿಹಾರ ಬಂದದ್ದು 1884ರಲ್ಲಿ, ಲ್ಯಾಂಕಾಷೈರ್‌ನ ಆಕ್ರಿಂಗ್ಟನ್ ಎಂಬಲ್ಲಿ ಬಣ್ಣದ ಕಾರ್ಖಾನೆ ನಡೆಸುತ್ತಿದ್ದ ಫ್ರೆಡರಿಕ್ ಆಲ್ಬರ್ಟ್ ಗ್ಯಾಟಿ ಪಡೆದ ಪೇಟೆಂಟಿನಿಂದ. ಗ್ಯಾಟಿಯ ಖಾಕಿ ಗಿಡಮರದ್ದಲ್ಲ, ಖನಿಜದ್ದು. ಬಟ್ಟೆಗೆ ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳ ದ್ರಾವಣ ಕುಡಿಸಿ, ಒಣಗಿಸಿ, ಆಮೇಲೆ ಕಾದ ಸೋಡಾ ನೀರಿನಲ್ಲಿ ಹಾಯಿಸಿದರೆ ಆ ಲೋಹಗಳ ತುಕ್ಕಿನಂಥ ಪುಡಿ ಎಳೆಯೊಳಗೇ ಕೂತುಬಿಡುತ್ತದೆ. ಕಬ್ಬಿಣದ್ದು ಕಂದು, ಕ್ರೋಮಿಯಂನದು ಹಸಿರು. ಎರಡರ ಪ್ರಮಾಣ ಹೆಚ್ಚುಕಡಿಮೆ ಮಾಡಿದರೆ ಬೇಕಾದ ಛಾಯೆ. ನೀರಿನಲ್ಲಿ ಕರಗದ ಪುಡಿಯಾದ್ದರಿಂದ ಒಗೆತಕ್ಕೂ ಬಿಸಿಲಿಗೂ ಜಗ್ಗದು. 1897ರ ಹೊತ್ತಿಗೆ ಬ್ರಿಟಿಷ್ ಸೈನ್ಯ ಹೊರದೇಶಗಳ ಸೇವೆಗೆಲ್ಲ ಖಾಕಿಯನ್ನೇ ಒಪ್ಪಿತು.

ಹಾಗಾದರೆ ಮಂಗಳೂರಿನ ವಿದ್ಯೆಯನ್ನು ಲ್ಯಾಂಕಾಷೈರ್ ಕದ್ದಿತೇ? ಹಾಗೆ ಹೇಳಿದರೆ ಚಪ್ಪಾಳೆ ಬರಬಹುದು, ಆದರೆ ಅದು ನ್ಯಾಯವಲ್ಲ. ಪೇಟೆಂಟ್ ಬಣ್ಣಕ್ಕೆ ಸಿಗುವುದಿಲ್ಲ, ಆ ಬಣ್ಣ ಬರಿಸುವ ಹೊಸ ವಿಧಾನಕ್ಕೆ ಸಿಗುತ್ತದೆ. ಹಾಲರ್ ಅವರದು ಒಂದು ದಾರಿ, ಗ್ಯಾಟಿಯದು ಇನ್ನೊಂದು. ಪೇಟೆಂಟ್ ಎಂದರೆ ಕಂಡುಹಿಡಿದವನಿಗೂ ಸಮಾಜಕ್ಕೂ ನಡುವಿನ ಕರಾರು. ಅವನು ತನ್ನ ಗುಟ್ಟನ್ನು ಬಿಡಿಸಿ ಬರೆದು ಸರ್ಕಾರಕ್ಕೆ ಒಪ್ಪಿಸಬೇಕು. ಬದಲಿಗೆ ಕೆಲವು ವರ್ಷ ಬೇರಾರೂ ಅವನ ಅಪ್ಪಣೆಯಿಲ್ಲದೆ ಅದನ್ನು ಬಳಸುವಂತಿಲ್ಲ. ಅವಧಿ ಮುಗಿದ ಮೇಲೆ ಅದು ಎಲ್ಲರ ಸ್ವತ್ತು.

ಹಾಲರ್ ಈ ಕರಾರಿಗೆ ಬರಬಹುದಿತ್ತೇ? ಅವರ ಬಣ್ಣ ಸಿದ್ಧವಾದಾಗ ಭಾರತದಲ್ಲಿ ಪೇಟೆಂಟ್ ಕಾನೂನೇ ಇರಲಿಲ್ಲ. ಮೊದಲ ಕಾನೂನು ಬಂದದ್ದು 1856ರಲ್ಲಿ, ಹದಿನಾಲ್ಕು ವರ್ಷಗಳ ಹಕ್ಕಿನೊಡನೆ. ಆ ವರ್ಷದ ಮಾರ್ಚ್ 3ರಂದು ಮೊದಲ ಅರ್ಜಿ ಹಾಕಿದವರು ಕಲ್ಕತ್ತೆಯ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್. ಅವರು ಕಂಡುಹಿಡಿದದ್ದು ಪಂಖಾ ಎಳೆಯುವ ಯಂತ್ರ! ಅಷ್ಟರಲ್ಲಿ ಮಂಗಳೂರಿನ ಬಟ್ಟೆ ಪೇಟೆಗೆ ಬಂದು ವರ್ಷಗಳಾಗಿದ್ದವು. ಊರೆಲ್ಲ ಬಳಸುತ್ತಿರುವುದನ್ನು ಹೊಸದೆಂದು ಯಾವ ಕಾನೂನೂ ಒಪ್ಪುವುದಿಲ್ಲ.

ಪೇಟೆಂಟ್ ಸಿಕ್ಕಿದವರೆಲ್ಲ ಸುಖಪಟ್ಟರೆಂದೂ ತಿಳಿಯಬೇಕಾಗಿಲ್ಲ. ಹಗ್ಗ ಎಳೆದರೆ ತಾನೇ ಓಡುವ ಲಾಳಿಗೆ ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದ. ಲಾಳಿ ಎಲ್ಲರಿಗೂ ಬೇಕಾಯಿತು, ಹಣ ಕೊಡುವುದು ಯಾರಿಗೂ ಬೇಡವಾಯಿತು. ಮಗ್ಗದ ಮಾಲೀಕರು ಸಂಘ ಕಟ್ಟಿಕೊಂಡು ಅವನ ವಿರುದ್ಧ ಕೋರ್ಟಿನ ಖರ್ಚನ್ನು ಹಂಚಿಕೊಂಡರು. ಕೇ ದೇಶ ಬಿಟ್ಟು ಫ್ರಾನ್ಸಿಗೆ ಹೋದ, ಅಲ್ಲೇ ತೀರಿಕೊಂಡ. ಅದೇ ಲಾಳಿ ಒಂದು ಶತಮಾನ ದಾಟಿ, ಯಾರ ಹಂಗೂ ಇಲ್ಲದ ಸ್ವತ್ತಾಗಿ ದಕ್ಷಿಣ ಭಾರತದ ಮಗ್ಗಗಳಿಗೆ ಬಂತು. ಅದು ಹರಡಲು ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಗಳೂ ಒಂದು ಕಾರಣ.

ಪೇಟೆಂಟಿನ ಬಲ ಒಂದು ದೇಶದ ಬೆಳೆಯನ್ನೇ ಅಲುಗಾಡಿಸಿದ್ದೂ ಉಂಟು. ಜರ್ಮನಿಯ ಅಡಾಲ್ಫ್ ಫಾನ್ ಬಾಯರ್ ಕೃತಕ ನೀಲಿಗೆ 1880ರಲ್ಲಿ ಪೇಟೆಂಟ್ ಪಡೆದರು. ಹದಿನೇಳು ವರ್ಷಗಳ ಪ್ರಯೋಗದ ಬಳಿಕ, 1897ರಲ್ಲಿ ಬಿಎಎಸ್‌ಎಫ್ ಕಂಪನಿ ಅಗ್ಗದ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಭಾರತದ ನೀಲಿ ಗಿಡ ಕೆಲವೇ ವರ್ಷಗಳಲ್ಲಿ ಹೊಲ ಬಿಟ್ಟು ಹೋಗತೊಡಗಿತು. ಗಿಡದಿಂದ ನೀಲಿ ತೆಗೆಯುವ ನಮ್ಮವರ ಅನುಭವ ಸಾವಿರಾರು ವರ್ಷಗಳದು. ಆದರೆ ಅನುಭವವೊಂದೇ ಪ್ರಯೋಗಶಾಲೆಯ ಎದುರು ನಿಲ್ಲಲಾರದೆ ಹೋಯಿತು.

ಇನ್ನು ಈ ಸೀಮೆಯ ಮಾತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿಪ್ಪುನೇರಳೆ ತೋಟವೂ ರೇಷ್ಮೆಗೂಡೂ ಮನೆಮಾತು. ಗೂಡು ಬಿಚ್ಚುವ ಚರಕ, ಕಾಟೇಜ್ ಬೇಸಿನ್ ಎಲ್ಲಿವೆಯೋ ಅಲ್ಲಿ ಬಡಗಿ, ವೆಲ್ಡಿಂಗ್ ಕೆಲಸದವ, ರೀಲರ್ ಮೂವರೂ ಸೇರಿ ಯಂತ್ರಕ್ಕೆ ಏನಾದರೊಂದು ತಿದ್ದುಪಡಿ ಮಾಡುವುದುಂಟು. ಸೌದೆ ಉಳಿಸುವ ಒಲೆ, ಎಳೆ ಕಡಿದಾಗ ನಿಲ್ಲುವ ತಿರುಗಣೆ, ಕೈ ಸುಡದಂತೆ ಗೂಡು ಬೇಯಿಸುವ ಉಪಾಯ: ಇಂಥದು ಫಲಿಸಿತೆಂದರೆ ವಾರದಲ್ಲಿ ಪಕ್ಕದ ಊರಿನವರು ಬಂದು ನೋಡಿಕೊಂಡು ಹೋಗುತ್ತಾರೆ. ಜ್ಞಾನ ಹಂಚಿಕೊಳ್ಳುವುದು ಒಳ್ಳೆಯ ಗುಣವೇ. ಆದರೆ ನಾಳೆ ಅದರ ಮೇಲೆ ಹಕ್ಕು ಕೇಳುವ ಮನಸ್ಸಿದ್ದರೆ ತೋರಿಸುವ ಮೊದಲು ಅರ್ಜಿ ಹಾಕಬೇಕು. ಸಂತೆಯಲ್ಲಿಟ್ಟ ಮೇಲೆ ಹೊಸತನ ಹೋಯಿತೆಂದೇ ಕಾನೂನು ಎಣಿಸಬಹುದು.

ಭಾರತದ ಈಗಿನ ಕಾನೂನು 1970ರದು, 1972ರಲ್ಲಿ ಜಾರಿಗೆ ಬಂತು, ಆಮೇಲೆ ಹಲವು ಸಲ ತಿದ್ದುಪಡಿಯಾಗಿದೆ. ಹಕ್ಕಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಕರ್ನಾಟಕದವರ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಕೆಲಸ ಪೂರ್ತಿಯಾಗಿಲ್ಲವೆಂದರೆ ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು ದಿನಾಂಕ ಹಿಡಿದಿಟ್ಟುಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಹಿಪ್ಪುನೇರಳೆ ಬೆಳೆಯುವ ವಿಧಾನಕ್ಕೆ ಪೇಟೆಂಟ್ ಇಲ್ಲ. ಬೇಸಾಯದ ವಿಧಾನಗಳನ್ನು ಕಾನೂನು ಹೊರಗಿಟ್ಟಿದೆ. ಗೂಡು ಬಿಚ್ಚುವ ಹೊಸ ಯಂತ್ರಕ್ಕೆ ಉಂಟು.

ಪರಂಪರೆಯಿಂದ ಬಂದ ತಿಳಿವಳಿಕೆಗೂ ಪೇಟೆಂಟ್ ಸಿಗುವುದಿಲ್ಲ. ಅಜ್ಜನ ವಿದ್ಯೆ ಮೊಮ್ಮಗನಿಗೂ ಸ್ವಂತವಲ್ಲ, ಪರದೇಶದ ಕಂಪನಿಗೂ ಅಲ್ಲ. ಆದರೆ ಅದು ಹಳೆಯದೆಂದು ತೋರಿಸಲು ದಾಖಲೆ ಬೇಕು. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಾಗ ಭಾರತದ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು, 1997ರಲ್ಲಿ ಅದು ರದ್ದಾಯಿತು. ನಮ್ಮ ಅಜ್ಜಿಯರು ಹೀಗೆ ಮಾಡುತ್ತಿದ್ದರು ಎಂಬ ಬಾಯಿಮಾತು ಅಲ್ಲಿ ನಡೆಯಲಿಲ್ಲ, ಹಳೆಯ ಗ್ರಂಥಗಳು, ಅಚ್ಚಾದ ಲೇಖನಗಳು ಗೆಲ್ಲಿಸಿದವು.

ಹೊಸದನ್ನು ಕಂಡವನಿಗೂ ಹಳೆಯದನ್ನು ಬಲ್ಲವನಿಗೂ ಹೀಗೆ ಕೊನೆಗೆ ಬೇಕಾಗುವುದು ಒಂದೇ, ಬರವಣಿಗೆ. ಯಾವ ತೊಗಟೆ, ಎಷ್ಟು ಸೇರು ನೀರು, ಎಷ್ಟು ಹೊತ್ತು ಕುದಿ, ಯಾವ ಋತುವಿನಲ್ಲಿ ಕಿತ್ತ ಕಾಯಿ ಎಂಬುದು ಇಂದಿಗೂ ಹಲವು ಮುದುಕರ ನೆನಪಿನಲ್ಲಷ್ಟೇ ಇದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಅದನ್ನು ಬರೆದಿಡುವುದಕ್ಕೆ ಬೇಕಾದ್ದು ಒಂದು ನೋಟುಪುಸ್ತಕ, ನಾಲ್ಕು ಸಂಜೆ. ಕೆಳಗೆ ತಾರೀಖು ಹಾಕುವುದನ್ನು ಮಾತ್ರ ಮರೆಯಬಾರದು.