ಗೇರ್‌ಬಾಕ್ಸಿನ ಬಿಸಿಗೂ ಒಂದು ಮೀಟರ್ ಇರಲಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಕಾಣುವ ತಾಪಮಾನದ ಮುಳ್ಳು ಇಂಜಿನ್ ಕೂಲಂಟ್‌ನದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಎಷ್ಟು ಕಾದಿದೆ ಎಂಬುದನ್ನು ಅದು ಹೇಳುವುದಿಲ್ಲ. ಇಂಜಿನ್ ಮುಳ್ಳು ನಟ್ಟನಡುವೆ ಅಲುಗದೆ ನಿಂತಿರುವಾಗಲೇ ಗೇರ್‌ಬಾಕ್ಸ್ ಆಯಿಲ್ ಕೆಡುವಷ್ಟು ಬಿಸಿಯಾಗಿರಬಹುದು. ಆದ್ದರಿಂದ ಪದೇ ಪದೇ ಘಟ್ಟ ಹತ್ತುವವರು, ಟ್ರೇಲರ್ ಎಳೆಯುವವರು ಅದಕ್ಕೆಂದೇ ಒಂದು ಮೀಟರ್ ಹಾಕಿಸಿಕೊಳ್ಳುವುದು ಶೋಕಿಯಲ್ಲ, ವಿವೇಕದ ಕೆಲಸ ಎಂಬುದು ನನ್ನ ವಾದ.

ಈ ಬಿಸಿ ಹುಟ್ಟುವುದು ಮುಖ್ಯವಾಗಿ ಟಾರ್ಕ್ ಕನ್ವರ್ಟರ್‌ನಲ್ಲಿ. ಅದರೊಳಗೆ ಇಂಜಿನ್ ತಿರುಗಿಸುವ ಒಂದು ಚಕ್ರ ಆಯಿಲನ್ನು ಎದುರಿನ ಚಕ್ರದ ಮೇಲೆ ರಭಸದಿಂದ ಎರಚಿ ಅದನ್ನು ತಿರುಗಿಸುತ್ತದೆ. ಎರಡೂ ಚಕ್ರಗಳ ವೇಗದಲ್ಲಿ ಅಂತರ ಹೆಚ್ಚಿದಷ್ಟೂ ಇಂಜಿನ್ನಿನ ಹೆಚ್ಚೆಚ್ಚು ಶಕ್ತಿ ಶಾಖವಾಗಿ ಆಯಿಲಿಗೆ ಸೇರುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಒಳಗಿನ ಕ್ಲಚ್ ಎರಡನ್ನೂ ಬೆಸೆದು ಅಂತರವನ್ನು ಅಳಿಸಿಬಿಡುತ್ತದೆ. ಶಿರಾಡಿ ಘಾಟಿಯಲ್ಲಿ ತುಂಬಿದ ಲಾರಿಯ ಹಿಂದೆ ತೆವಳುವಾಗ ಆ ಅನುಕೂಲ ಸಿಗುವುದಿಲ್ಲ. ಬಿಸಿಯನ್ನು ಹೊರಹಾಕುವ ರೇಡಿಯೇಟರ್‌ಗೆ ಗಾಳಿಯೂ ಸಾಲದು. ಸಾಮಾನ್ಯವಾಗಿ ಈ ಆಯಿಲ್ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆಮ್ಮದಿಯಿಂದ ಕೆಲಸ ಮಾಡುತ್ತದೆ. ಅದರ ಮೇಲೆ ಪ್ರತಿ 11 ಡಿಗ್ರಿಗೆ ಆಯಿಲಿನ ಆಯುಷ್ಯ ಅರ್ಧವಾಗುತ್ತದೆ ಎಂಬುದು ಗೇರ್‌ಬಾಕ್ಸ್ ಕಸುಬಿನವರ ಹಳೆಯ ಲೆಕ್ಕ. ಇಂದಿನ ಸಿಂಥೆಟಿಕ್ ಆಯಿಲ್‌ಗಳು ಇನ್ನಷ್ಟು ತಾಳುತ್ತವೆ, ನಿಜ. ಆದರೂ ಅತಿಯಾಗಿ ಕಾದ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತದೆ, ರಬ್ಬರ್ ಸೀಲ್‌ಗಳು ಗಡುಸಾಗುತ್ತವೆ, ಕೊನೆಗೆ ಕ್ಲಚ್ ಪ್ಲೇಟುಗಳು ಜಾರತೊಡಗುತ್ತವೆ.

ಮೀಟರ್ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಅದರ ಸೆನ್ಸರ್ ಕೂರುವ ಜಾಗವನ್ನು ಅವಲಂಬಿಸಿದೆ. ಗೇರ್‌ಬಾಕ್ಸಿನಿಂದ ಆಯಿಲ್ ತಣಿಸುವ ಕೂಲರ್‌ಗೆ ಹೋಗುವ ಪೈಪಿನಲ್ಲಿ ಕೂರಿಸಿದರೆ ಕನ್ವರ್ಟರ್‌ನಿಂದ ಆಗಷ್ಟೇ ಹೊರಬಂದ ಅತಿ ಬಿಸಿ ಆಯಿಲ್ ಸಿಗುತ್ತದೆ. ಮುಳ್ಳು ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯಾದ ಸಂಪಿನಲ್ಲಿ ಕೂರಿಸಿದರೆ ಗೇರ್‌ಬಾಕ್ಸ್ ಒಟ್ಟಾರೆ ಯಾವ ಬಿಸಿಯಲ್ಲಿ ದುಡಿಯುತ್ತಿದೆ ಎಂಬುದು ತಿಳಿಯುತ್ತದೆ. ದಿನನಿತ್ಯದ ಬಳಕೆಗೆ ಸಂಪೇ ಮೇಲು. ಆದರೆ ಅದಕ್ಕೆ ರಂಧ್ರ ಕೊರೆಯಬೇಕಾದರೆ ಸಂಪನ್ನು ಕಳಚಿ ಕೆಳಗಿಳಿಸಿಯೇ ಕೊರೆಯಬೇಕು; ಒಂದು ಚೂರು ಲೋಹದ ಪುಡಿ ಒಳಗೆ ಉಳಿದರೂ ವಾಲ್ವ್‌ಗಳಿಗೆ ಅಪಾಯ. ಒಂದೇ ವೈರಿನ ಸೆನ್ಸರ್ ತನ್ನ ತಿರುಪಿನ ಥ್ರೆಡ್ ಮೂಲಕವೇ ಗಾಡಿಯ ಲೋಹದ ಮೈಗೆ ಅರ್ಥ್ ಆಗುತ್ತದೆ. ಆ ಥ್ರೆಡ್ಡಿಗೆ ದಪ್ಪವಾಗಿ ಟೆಫ್ಲಾನ್ ಟೇಪು ಸುತ್ತಿದರೆ ಮೀಟರ್ ತಪ್ಪು ಹೇಳಬಹುದು. ಸೆನ್ಸರ್ ಮತ್ತು ಮೀಟರ್ ಒಂದಕ್ಕೊಂದು ಹೊಂದುವ ಜೋಡಿಯಾಗಿರಬೇಕು. ವೈರು ಸೈಲೆನ್ಸರ್ ಪೈಪಿನಿಂದ ದೂರವಿರಲಿ. ಕರೆಂಟನ್ನು ಇಗ್ನಿಷನ್ ಲೈನಿನಿಂದ ಫ್ಯೂಸ್ ಮೂಲಕವೇ ತೆಗೆಯಬೇಕು.

ಅಪಾಯವಾದರೆ ಎಚ್ಚರಿಕೆಯ ದೀಪ ಹತ್ತುತ್ತದಲ್ಲ ಎಂದು ಕೆಲವರು ಕೇಳಬಹುದು. ದೀಪ ಹತ್ತುವುದು ಬಿಸಿ ಮಿತಿ ಮುಟ್ಟಿದ ಮೇಲೆ. ಮುಳ್ಳಾದರೆ ಏರುತ್ತಿರುವಾಗಲೇ ತೋರಿಸಿ, ಯೋಚಿಸಲು ಸಮಯ ಕೊಡುತ್ತದೆ. ವಾರಂಟಿಗೆ ತೊಂದರೆಯಾದೀತು ಎಂಬ ಆತಂಕ ನ್ಯಾಯವಾದದ್ದೇ. ಅಂಥವರು ಕೊರೆಯುವ ಗೋಜಿಗೆ ಹೋಗಬೇಕಿಲ್ಲ. ಈಗಿನ ಅನೇಕ ಆಟೊಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸಿನಲ್ಲಿ ಕಂಪನಿಯೇ ಇಟ್ಟ ಸೆನ್ಸರ್ ಇರುತ್ತದೆ. ಆ ಮಾದರಿಗೆ ಹೊಂದುವ ಸ್ಕ್ಯಾನರನ್ನು ಕಾರಿನ ದೋಷ ಪರೀಕ್ಷೆಗೆಂದು ಇರುವ ಓಬಿಡಿ ಪೋರ್ಟಿಗೆ ಚುಚ್ಚಿದರೆ ಅದರ ಅಂಕಿಯನ್ನೇ ಓದಬಹುದು. ಎಲ್ಲರಿಗೂ ಇದು ಬೇಕೇ ಎಂದರೆ, ಬೇಡ. ಮ್ಯಾನುವಲ್ ಗೇರ್‌ಬಾಕ್ಸನ್ನೇ ಯಂತ್ರ ತಾನಾಗಿ ಬದಲಿಸುವ ಎಎಂಟಿ ಕಾರುಗಳಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲವೇ ಇಲ್ಲ. ಊರೊಳಗೆ ಹಗುರವಾಗಿ ಓಡುವ ಕಾರಿಗೂ ಈ ಖರ್ಚು ಅನಗತ್ಯ.

ಮೀಟರ್ ಹಾಕಿಸಿದವರು ಅದರ ಮಾತನ್ನೂ ಕೇಳಬೇಕು. ಮೊದಲ ವಾರಗಳಲ್ಲಿ ನಿಮ್ಮ ಗಾಡಿಯ ಎಂದಿನ ಬಿಸಿ ಎಷ್ಟೆಂದು ಗಮನಿಸಿ. ಏರಿನಲ್ಲಿ ಮುಳ್ಳು ಅದಕ್ಕಿಂತ ಬಹಳ ಮೇಲೆ ಹೋದರೆ ಕೆಳಗಿನ ಗೇರ್ ಹಾಕಿ. ಆಗಲೂ ಇಳಿಯದಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಇಂಜಿನ್ ಓಡುತ್ತಿರಲಿ. ಗೇರ್‌ಬಾಕ್ಸಿನ ಪಂಪು ಆಯಿಲನ್ನು ಕೂಲರ್‌ಗೆ ಕಳಿಸಿ ತಣಿಸುತ್ತದೆ. ಆ ಕೆಲವು ನಿಮಿಷಗಳ ತಾಳ್ಮೆ ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚಿಗಿಂತ ಎಷ್ಟೋ ಅಗ್ಗ.