ನೆರೆದೇಶದ ನೌಕರ ಮತ್ತು ನಮ್ಮ ಹೊಣೆ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಕರಾವಳಿಯ ಅನೇಕ ಮನೆಗಳಿಗೆ ಗಲ್ಫ್ ದೇಶಗಳ ಕಾರ್ಮಿಕ ಕಾನೂನು ಹೊಸದಲ್ಲ. ಸೌದಿ ಅರೇಬಿಯಾದಲ್ಲಿ ಒಪ್ಪಂದದ ಅವಧಿ ಮುಗಿಸಿ ಮರಳುವವರಿಗೆ ಮೊದಲ ಐದು ವರ್ಷಗಳಿಗೆ ತಲಾ ಅರ್ಧ ತಿಂಗಳ, ಅನಂತರದ ವರ್ಷಗಳಿಗೆ ತಲಾ ಒಂದು ತಿಂಗಳ ಸಂಬಳ ಸೇವಾಂತ್ಯ ಭತ್ಯೆಯಾಗಿ ಸಿಗಬೇಕು. ಒಪ್ಪಂದಕ್ಕೆ ಮಂಗಳೂರಿನಲ್ಲಿ ಸಹಿ ಹಾಕಿದ್ದರೂ ದುಡಿಯುವ ನೆಲದ ಕಾನೂನೇ ಅವರ ಕೈಹಿಡಿಯುತ್ತದೆ.

ಇಷ್ಟು ಕಾಲ ಈ ಮಾತನ್ನು ನಾವು ನೌಕರರ ಕಡೆಯಿಂದ ನೋಡಿದ್ದೇವೆ. ಈಗ ನಮ್ಮ ಯುವಕ ಯುವತಿಯರು ಸ್ವಂತ ಉದ್ಯಮ ಆರಂಭಿಸುತ್ತಿದ್ದಾರೆ. ಕಠ್ಮಂಡುವಿನ ಪ್ರೋಗ್ರಾಮರ್, ಕೊಲಂಬೊದ ಲೆಕ್ಕಿಗ ಅಲ್ಲಿಂದಲೇ ನಮ್ಮ ಕೆಲಸ ಮಾಡಿಕೊಡಬಲ್ಲರು. ಆದ್ದರಿಂದ ಅದೇ ಮಾತನ್ನು ಮಾಲೀಕರ ಕಡೆಯಿಂದಲೂ ನೋಡಬೇಕಾಗಿದೆ.

ಮೊದಲು ನೇಪಾಳ. ಅಲ್ಲಿಗೆ ಹೋಗಲು ನಮಗೆ ವೀಸಾ ಬೇಡ. ಹಾಗಾಗಿ ಅದು ಬೇರೆ ದೇಶವೆಂಬುದೇ ಮರೆತುಹೋಗುತ್ತದೆ. ಆದರೆ ಅಲ್ಲಿ ಸಂಸ್ಥೆ ತೆರೆದವರಿಗೆ 2017ರ ಕಾರ್ಮಿಕ ಕಾಯ್ದೆ ಅನ್ವಯಿಸುತ್ತದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ. ಹೆಚ್ಚುವರಿ ದುಡಿಮೆಗೆ ಒಂದೂವರೆ ಪಟ್ಟು ಕೂಲಿ. ವರ್ಷಕ್ಕೊಮ್ಮೆ ಒಂದು ತಿಂಗಳ ಮೂಲ ವೇತನದಷ್ಟು ಹಬ್ಬದ ಭತ್ಯೆ. ನಮ್ಮಲ್ಲಿ ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ ಐದು ವರ್ಷ ಸೇವೆ ಬೇಕು. ಅಲ್ಲಿ ಮೊದಲ ದಿನದಿಂದಲೇ ಮೂಲ ವೇತನದ ಶೇ. 8.33ರಂತೆ ಲೆಕ್ಕ ಆರಂಭ. ಸಾಮಾಜಿಕ ಭದ್ರತಾ ನಿಧಿಗೆ ಮಾಲೀಕ ಶೇ. 20, ನೌಕರ ಶೇ. 11 ಕಟ್ಟಬೇಕು.

ಇನ್ನು ಶ್ರೀಲಂಕಾ. ಭವಿಷ್ಯ ನಿಧಿಗೆ ಮಾಲೀಕ ಶೇ. 12, ನೌಕರ ಶೇ. 8 ಕಟ್ಟಬೇಕು. ಇದಲ್ಲದೆ ನೌಕರರ ಟ್ರಸ್ಟ್ ನಿಧಿಗೆ ಮಾಲೀಕನೇ ಶೇ. 3 ಕಟ್ಟಬೇಕು. ಪ್ರತಿ ಹುಣ್ಣಿಮೆಯ ಪೋಯ ದಿನ ಅಲ್ಲಿ ರಜೆ. 1971ರ ಕಾಯ್ದೆಯೊಂದರ ಪ್ರಕಾರ, 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯು ಶಿಸ್ತುಕ್ರಮವಲ್ಲದ ಕಾರಣಕ್ಕೆ ಯಾರನ್ನಾದರೂ ತೆಗೆಯಬೇಕಾದರೆ ಆ ನೌಕರನ ಲಿಖಿತ ಒಪ್ಪಿಗೆ ಅಥವಾ ಕಾರ್ಮಿಕ ಆಯುಕ್ತರ ಅನುಮತಿ ಬೇಕು. ಒಂದು ತಿಂಗಳ ನೋಟಿಸ್ ಕೊಟ್ಟರೆ ಸಾಕೆಂದು ತಿಳಿದವರಿಗೆ ಇದು ದೊಡ್ಡ ಪೆಟ್ಟಾಗಬಹುದು.

ಕೆಲವರು ಸುಲಭ ದಾರಿ ಹುಡುಕುತ್ತಾರೆ. ನೌಕರನನ್ನು 'ಕನ್ಸಲ್ಟೆಂಟ್' ಎಂದು ಕರೆದು ಎಲ್ಲ ಹೊಣೆಯಿಂದ ಪಾರಾದೆವೆಂದು ಭಾವಿಸುತ್ತಾರೆ. ಆದರೆ ಕೆಲಸದ ವೇಳೆ ನಾವೇ ನಿಗದಿಪಡಿಸಿ, ರಜೆ ನಾವೇ ಮಂಜೂರು ಮಾಡಿ, ಪ್ರತಿ ತಿಂಗಳು ನಾವೇ ಸಂಬಳ ಕೊಡುತ್ತಿದ್ದರೆ, ವಿವಾದ ಬಂದಾಗ ಕಾಗದದ ಮೇಲಿನ ಹೆಸರು ನಮ್ಮನ್ನು ಕಾಪಾಡುವ ಭರವಸೆಯಿಲ್ಲ. ಹಿಂದಿನ ಬಾಕಿಯೆಲ್ಲ ಒಮ್ಮೆಗೇ ತಲೆಮೇಲೆ ಬೀಳಬಹುದು. ಅದಕ್ಕಿಂತ ದೊಡ್ಡ ನಷ್ಟ ಆ ನೌಕರನದು. ವರ್ಷಗಟ್ಟಲೆ ದುಡಿದರೂ ಅವನ ಹೆಸರಿನಲ್ಲಿ ನಿಧಿಯಿಲ್ಲ, ಗ್ರಾಚ್ಯುಟಿಯಿಲ್ಲ.

ಸರಿಯಾದ ದಾರಿ ಇದೆ. ಅಲ್ಲಿ ಶಾಖೆ ಅಥವಾ ಕಂಪನಿ ನೋಂದಾಯಿಸಬಹುದು. ಇಲ್ಲವೇ ಪರವಾನಗಿ ಪಡೆದ ಸ್ಥಳೀಯ ಸಂಸ್ಥೆಯ ಮೂಲಕ ನೇಮಿಸಿಕೊಳ್ಳಬಹುದು. ಯಾವುದೇ ಆದರೂ ನೇಮಕಾತಿ ಪತ್ರ ಲಿಖಿತವಾಗಿರಲಿ, ಅಲ್ಲಿನ ವಕೀಲರೊಬ್ಬರು ಅದನ್ನು ಓದಿರಲಿ. ಸಂಬಳ ಮಾತಾಡುವಾಗಲೇ ನಿಧಿ, ಭತ್ಯೆಗಳ ಲೆಕ್ಕವನ್ನೂ ಸೇರಿಸಿಕೊಳ್ಳಿ.

ವಿದ್ಯಾರ್ಥಿಗಳೇ, ಕಾನೂನು, ವಾಣಿಜ್ಯ ಓದುತ್ತಿರುವ ನಿಮಗೆ ಇದರಲ್ಲಿ ಒಳ್ಳೆಯ ಉದ್ಯೋಗಾವಕಾಶವೂ ಇದೆ. ಎರಡು ದೇಶಗಳ ಕಾರ್ಮಿಕ ಕಾನೂನು ಬಲ್ಲವರನ್ನು ಉದ್ಯಮಗಳು ಹುಡುಕುತ್ತಿವೆ.

ಪರದೇಶದಲ್ಲಿ ನಮ್ಮವರಿಗೆ ಸಿಗಬೇಕೆಂದು ನಾವು ಬಯಸಿದ ನ್ಯಾಯವನ್ನು ನಮ್ಮ ಬಳಿ ದುಡಿಯುವ ಪರದೇಶದವರಿಗೂ ಕೊಡೋಣ.