ಕಲಾ ಇತಿಹಾಸ ಓದಿ ಏನು ಮಾಡ್ತೀ?

(ಮಹಿಳಾ ವಿಭಾಗದ ವಾರ್ಷಿಕ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



‘ಹೆಣ್ಣುಮಕ್ಕಳ ಓದು: ಹೊಸ ದಾರಿಗಳು’ ಎಂಬ ವಿಷಯದ ಮೇಲೆ ಮಾತಾಡಲು ನನ್ನನ್ನು ಕರೆದಾಗ, ಇವಳು ಕೋಡಿಂಗ್ ಬಗ್ಗೆಯೋ ಎಐ ಬಗ್ಗೆಯೋ ಹೇಳುತ್ತಾಳೆ ಎಂದು ನೀವು ಅಂದುಕೊಂಡಿರಬಹುದು. ಎಂ.ಟೆಕ್ ಮಾಡಿ ಪುಣೆಯ ಐಟಿ ಕಂಪನಿಯಲ್ಲಿ ದುಡಿಯುವವಳಿಂದ ಇನ್ನೇನು ನಿರೀಕ್ಷಿಸಲು ಸಾಧ್ಯ! ಆದರೆ ನಾನು ಇವತ್ತು ಆರಿಸಿಕೊಂಡಿರುವ ದಾರಿ ಬೇರೆ. ಪದವಿಯಲ್ಲಿ ಕಲಾ ಇತಿಹಾಸವನ್ನೇ ಮುಖ್ಯ ವಿಷಯವಾಗಿ ಓದುವುದು.

ಇದು ನಮ್ಮ ಮನೆಯೊಳಗೇ ಎದ್ದ ಪ್ರಶ್ನೆ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗಳು ಪಿಯುಸಿಯಲ್ಲಿ ಸೈನ್ಸ್ ಓದಿ ಒಳ್ಳೆಯ ಅಂಕ ತೆಗೆದಳು. ಆಮೇಲೆ ಬರೋಡಾಕ್ಕೆ ಹೋಗಿ ಕಲಾ ಇತಿಹಾಸ ಓದುತ್ತೇನೆ ಎಂದಳು. ನಮ್ಮ ಭಾವ ಕೇಳಿದ್ದು ಒಂದೇ ಮಾತು: “ಅದನ್ನ ಓದಿ ಏನ್ ಮಾಡ್ತೀ? ಗುಡಿ ಮುಂದ ಗೈಡ್ ಆಗ್ತೀಯೇನು?” ರಾತ್ರಿ ನನಗೆ ಫೋನ್ ಬಂತು. “ನೀನರ ಒಂದು ಮಾತು ಹೇಳವಾ, ಕಂಪ್ಯೂಟರ್ ಸೈನ್ಸ್ ತಗೋ ಅಂತ.” ಅರ್ಧ ಗಂಟೆ ಬಿಟ್ಟು ಅವಳ ಫೋನ್. “ಮೌಶಿ, ನೀವರ ಅಪ್ಪಗ ಹೇಳ್ರಿ.”

ಭಾವನ ಭಯ ಸುಳ್ಳಲ್ಲ. ಬ್ಯಾಂಕಿನಲ್ಲಿ ಮನೆ ಸಾಲ ಇದೆ, ಕೆಳಗೆ ಇನ್ನೊಬ್ಬ ಮಗ ಇದ್ದಾನೆ. ಹಾಗಾಗಿ ಯಾರ ಪರವೂ ವಾದಿಸದೆ, ಆ ಓದಿನಲ್ಲಿ ಏನಿದೆ ಎಂದು ತಿಳಿದುಕೊಳ್ಳೋಣ ಎಂದು ಮೂವರೂ ಕೂತೆವು. ಅಲ್ಲಿ ತಿಳಿದದ್ದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಕಲಾ ಇತಿಹಾಸ ಎಂದರೆ ಚಿತ್ರ ಬಿಡಿಸುವ ಕೋರ್ಸ್ ಅಲ್ಲ. ರಾಜರ ಇಸವಿ ಬಾಯಿಪಾಠ ಮಾಡುವುದೂ ಅಲ್ಲ. ಒಂದು ಮೂರ್ತಿ, ಒಂದು ಗುಡಿ, ಒಂದು ಚಿತ್ರ ಕಣ್ಣ ಮುಂದಿದ್ದರೆ ಅದನ್ನು ಯಾರು ಮಾಡಿಸಿದರು, ಯಾರು ಮಾಡಿದರು, ಯಾವ ಕಾಲದ್ದು, ಯಾಕೆ ಹೀಗಿದೆ ಎಂದು ಸಾಕ್ಷಿ ಸಮೇತ ಹೇಳಲು ಕಲಿಸುವ ಶಾಸ್ತ್ರ ಅದು.

ನಮಗೆ ಗೊತ್ತಿರುವ ಊರನ್ನೇ ತೆಗೆದುಕೊಳ್ಳಿ. ಪಟ್ಟದಕಲ್ಲಿಗೆ ನಾವೆಲ್ಲ ಶಾಲಾ ಪ್ರವಾಸದಲ್ಲಿ ಹೋಗಿದ್ದೇವೆ, ಫೋಟೋ ತೆಗೆಸಿಕೊಂಡು ಬಂದಿದ್ದೇವೆ. ಅಲ್ಲಿ ಗಳಗನಾಥ ಗುಡಿಯ ಶಿಖರ ಬಾಗುತ್ತಾ ಮೇಲೇರುತ್ತದೆ, ಅದು ಉತ್ತರದ ನಾಗರ ಶೈಲಿ. ಅದೇ ಅಂಗಳದ ವಿರೂಪಾಕ್ಷ ಗುಡಿಯ ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಅದು ದ್ರಾವಿಡ ಶೈಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಈ ಓದಿನ ಮೊದಲ ಪಾಠ.

ಆ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಒಬ್ಬ ಹೆಣ್ಣುಮಗಳು. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ, ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಕಟ್ಟಿದ ಶಿಲ್ಪಿ ಗುಂಡನ ಹೆಸರು, ಅವನಿಗೆ ಸಿಕ್ಕ ಬಿರುದು ಅಲ್ಲಿನ ಹಳಗನ್ನಡ ಶಾಸನದಲ್ಲಿವೆ. ಗುಡಿಯನ್ನು ನೋಡಿ ಬಂದ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರುಗಳು ಗೊತ್ತು?

ಇನ್ನು ಎಲ್ಲೋರಾ. ಪುಣೆಯಲ್ಲಿರುವ ನಾವು ಮನೆಗೆ ನೆಂಟರು ಬಂದಾಗಲೆಲ್ಲ ಅಲ್ಲಿಗೆ ಹೋಗುತ್ತೇವೆ. ಬೆಟ್ಟವನ್ನೇ ಮೇಲಿನಿಂದ ಕೊರೆದು ಮಾಡಿದ 16ನೇ ಗುಹೆಯ ಕೈಲಾಸ ರಾಷ್ಟ್ರಕೂಟರ ಕಾಲದ್ದು, ಒಂದನೇ ಕೃಷ್ಣನ ಹೆಸರಿನ ಜೊತೆ ಸೇರಿದ್ದು. ಅದರ ರೂಪಕ್ಕೂ ಪಟ್ಟದಕಲ್ಲಿನ ವಿರೂಪಾಕ್ಷಕ್ಕೂ, ಅದಕ್ಕಿಂತ ಹಿಂದಿನ ಕಂಚಿಯ ಕೈಲಾಸನಾಥಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಕಂಚಿ, ಪಟ್ಟದಕಲ್ಲು, ಎಲ್ಲೋರಾ! ಇವತ್ತು ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಎಂದು ಬೇರೆ ಬೇರೆ ಇರುವ ಮೂರು ಊರುಗಳ ನಡುವಿನ ನಂಟು ಕಲ್ಲಿನಲ್ಲಿದೆ. ಹೊರನಾಡಿನಲ್ಲಿ ಬದುಕುವ ನಮಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು, ಇದರಿಂದ ಏನು ಉಪಯೋಗ ಎಂಬ ಪ್ರಶ್ನೆ. ತಮಿಳುನಾಡಿನ ಶ್ರೀಪುರಂದಾನ್ ಎಂಬ ಹಳ್ಳಿಯ ಗುಡಿಯಿಂದ ಕದ್ದುಹೋದ ಕಂಚಿನ ನಟರಾಜನನ್ನು ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಕೋಟಿಗಟ್ಟಲೆ ಹಣ ಕೊಟ್ಟು ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಫೋಟೋಗಳ ಜೊತೆ ಹೋಲಿಸಿ ಇದು ಅದೇ ಮೂರ್ತಿ ಎಂದು ತೋರಿಸಲು ಸಾಧ್ಯವಾಯಿತು. 2014ರಲ್ಲಿ ನಟರಾಜ ಭಾರತಕ್ಕೆ ಮರಳಿದ. ಯಾರೋ ಒಬ್ಬರು ಫೋಟೋ ತೆಗೆದು, ಊರಿನ ಹೆಸರು ಬರೆದು, ಜೋಪಾನ ಮಾಡಿ ಇಟ್ಟಿದ್ದರಿಂದ ಅದು ಆಯಿತು. ನೋಡಿದ್ದನ್ನು ಸರಿಯಾಗಿ ದಾಖಲಿಸುವುದಕ್ಕೆ ಅಷ್ಟು ಬೆಲೆ ಇದೆ. ನನ್ನ ಕೆಲಸದಲ್ಲೂ ಅಷ್ಟೇ. ಡೇಟಾ ಸರಿಯಿಲ್ಲದಿದ್ದರೆ ಎಂಥ ಸಾಫ್ಟ್‌ವೇರ್ ಇದ್ದರೂ ಉಪಯೋಗವಿಲ್ಲ.

ಮೂರನೆಯದು ಹೊಟ್ಟೆಪಾಡು. ಇದನ್ನು ಮುಚ್ಚಿಡಬಾರದು. ಪದವಿಯಲ್ಲೇ ಇದನ್ನು ಮುಖ್ಯ ವಿಷಯವಾಗಿ ಕಲಿಸುವ ಕಡೆಗಳು ನಮ್ಮ ದೇಶದಲ್ಲಿ ಕಡಿಮೆ. 1950ರಲ್ಲಿ ಶುರುವಾದ ಬರೋಡಾದ ಲಲಿತಕಲಾ ವಿಭಾಗ, 1919ರಿಂದ ಇರುವ ಶಾಂತಿನಿಕೇತನದ ಕಲಾಭವನ ಇವುಗಳಲ್ಲಿ ಹೆಸರಾದವು. ಪದವಿ ಒಂದರಿಂದಲೇ ಕೆಲಸ ಸಿಗುವುದು ಕಷ್ಟ, ಎಂ.ಎ. ಅಥವಾ ಎಂ.ವಿ.ಎ. ಬೇಕೇ ಬೇಕು. ಆಮೇಲೆ ಮ್ಯೂಸಿಯಂ, ಗ್ಯಾಲರಿ, ಹರಾಜು ಸಂಸ್ಥೆ, ಪುಸ್ತಕ ಪ್ರಕಾಶನ, ಹಳೆಯ ದಾಖಲೆಗಳ ಡಿಜಿಟಲೀಕರಣ ಇವೆ. ಕಾಲೇಜಿನಲ್ಲಿ ಪಾಠ ಮಾಡುವುದಾದರೆ ಯುಜಿಸಿ ನೆಟ್ ಪರೀಕ್ಷೆಯ ದೃಶ್ಯಕಲೆ ವಿಷಯದಲ್ಲಿ ಕಲಾ ಇತಿಹಾಸವೂ ಸೇರಿದೆ. ಬೆಂಗಳೂರಿನಲ್ಲೇ 2023ರಲ್ಲಿ ‘ಮ್ಯಾಪ್’ ಎಂಬ ದೊಡ್ಡ ಖಾಸಗಿ ಕಲಾ ಮ್ಯೂಸಿಯಂ ತೆರೆದಿದೆ. ಆದರೆ ಮೊದಲ ಕೆಲವು ವರ್ಷಗಳ ಸಂಬಳವನ್ನು ಐಟಿಯವರ ಸಂಬಳದ ಪಕ್ಕ ಇಟ್ಟು ನೋಡಬೇಡಿ. ಮನೆಯಲ್ಲಿ ಅಷ್ಟು ವರ್ಷ ಕಾಯುವ ಶಕ್ತಿ ಇದೆಯೇ ಎಂದು ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕು. ನಾವು ಕಾಗದದ ಮೇಲೆ ಫೀಸು, ಹಾಸ್ಟೆಲ್, ರೈಲು ಖರ್ಚು ಎಲ್ಲ ಬರೆದು ಕೂಡಿದೆವು. ಇಂಜಿನಿಯರಿಂಗ್‌ನ ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕವನ್ನೂ ಪಕ್ಕದಲ್ಲೇ ಬರೆದೆವು. ಭಾವ ಎರಡನ್ನೂ ನೋಡಿ, ಏನೂ ಹೇಳದೆ ಚಹಾ ಕುಡಿದು ಎದ್ದರು. ಮಾರನೇ ದಿನ ಫಾರ್ಮ್ ತುಂಬಲು ಒಪ್ಪಿದರು.

ಈಗ ಅವಳು ಎರಡನೇ ವರ್ಷ. ಭಾವ ಇಂದಿಗೂ ನೆಂಟರ ಮುಂದೆ “ಮಗಳು ಹಿಸ್ಟರಿ ಓದಾಕತ್ಯಾಳ, ಐಎಎಸ್‌ಗೆ” ಎನ್ನುತ್ತಾರೆ. ಅವಳು ನಕ್ಕು ಸುಮ್ಮನಾಗುತ್ತಾಳೆ. ಮುಂದೆ ಅವಳಿಗೆ ಎಲ್ಲಿ ಕೆಲಸ ಸಿಗುತ್ತದೆ ಎಂದು ನನಗೂ ಹೇಳಲು ಬರುವುದಿಲ್ಲ. ಆದರೆ ಶಾಸನಗಳ ಪುಸ್ತಕ ಹಿಡಿದು ಹಳಗನ್ನಡ ಬಿಡಿಸಿಕೊಳ್ಳುತ್ತಿದ್ದಾಳೆ. ತರಗತಿಯಲ್ಲಿ ಕನ್ನಡ ಓದಬಲ್ಲವಳು ಎಂಬುದೇ ಅವಳ ಬಲವಾಗಿದೆ.

ಕೊನೆಗೆ ಇಲ್ಲಿರುವ ತಾಯಂದಿರಲ್ಲಿ ಒಂದು ಮಾತು. ಆಗಿನ ಆಸ್ಟ್ರಿಯಾ-ಹಂಗೇರಿಯಲ್ಲಿ ಹುಟ್ಟಿದ ಸ್ಟೆಲ್ಲಾ ಕ್ರಾಮ್ರಿಶ್ ಎಂಬ ಹೆಣ್ಣುಮಗಳು 1920ರ ದಶಕದಲ್ಲಿ ಭಾರತಕ್ಕೆ ಬಂದು, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ, ಹಿಂದೂ ದೇವಾಲಯದ ಬಗ್ಗೆ 1946ರಲ್ಲಿ ಎರಡು ಸಂಪುಟಗಳ ಗ್ರಂಥ ಪ್ರಕಟಿಸಿದರು. ನಮ್ಮ ಗುಡಿಗಳನ್ನು ಓದಲು ಅಷ್ಟು ದೂರದಿಂದ ಒಬ್ಬರು ಬಂದರು. ನಮ್ಮ ಮನೆಯ ಹುಡುಗಿಯೇ ಓದುತ್ತೇನೆ ಎಂದರೆ ನಗಬೇಡಿ, ಹೆದರಿಸಲೂಬೇಡಿ. ಆ ವಿಷಯದ ಪಠ್ಯಕ್ರಮ ತಂದು ತೋರಿಸು ಎನ್ನಿ. ಓದಿ ಮುಗಿಸಿದ ಇಬ್ಬರ ಜೊತೆ ಮಾತಾಡಿಸು ಎನ್ನಿ. ಖರ್ಚಿನ ಲೆಕ್ಕ ಅವಳ ಕೈಯಲ್ಲೇ ಬರೆಸಿ. ಇಷ್ಟಾದ ಮೇಲೂ ಅವಳ ಆಸೆ ಗಟ್ಟಿಯಾಗಿದ್ದರೆ ಕಳಿಸಿ. ಬೇಡ ಅನ್ನಿಸಿದರೆ ಅವಳೇ ಬಿಡುತ್ತಾಳೆ. ಎರಡರಲ್ಲಿ ಯಾವುದಾದರೂ ನಿರ್ಧಾರ ಅವಳದೇ ಆಗಿರುತ್ತದೆ.